ಹೊದಿಕೆ ಬೆಳೆ ಬೆಳೆಸಿ ಮೂರು ವರ್ಷವಾದರೂ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ವ್ಯತ್ಯಾಸವಿಲ್ಲ. ಮಣ್ಣು ನಿಜವಾಗಿ ಬದಲಾಗಿದೆಯೇ?

ಹಿರಿಯಡಕದ ತೋಟದವರು, ಏಪ್ರಿಲ್ 20

ಎಲ್ಲರಿಗೂ ನಮಸ್ಕಾರ. ಉಡುಪಿ ಜಿಲ್ಲೆಯ ಹಿರಿಯಡಕದಿಂದ ಸ್ವಲ್ಪ ಒಳಗೆ, ಗುಡ್ಡದ ಇಳಿಜಾರಿನಲ್ಲಿ ನಮಗೆ ಎರಡು ಎಕರೆ ಅಡಿಕೆ ತೋಟವಿದೆ. ಮುರಕಲ್ಲಿನ ಮೇಲೆ ಎರಡಡಿ ಮಣ್ಣು ಸಿಕ್ಕಿದರೆ ಹೆಚ್ಚು. ಹಟ್ಟಿಯಲ್ಲಿ ಏಳೆಂಟು ದನಗಳಿದ್ದ ಕಾಲದಲ್ಲಿ ಕುಮ್ಕಿಯಿಂದ (ತೋಟಕ್ಕೆ ತಾಗಿದ ಸರಕಾರಿ ಜಾಗದಿಂದ) ಸೊಪ್ಪು ಕಡಿದು ತಂದು, ಹಟ್ಟಿಗೆ ಹಾಸಿ, ಆ ಗೊಬ್ಬರವನ್ನೇ ಬುಡಗಳಿಗೆ ಹಾಕುತ್ತಿದ್ದೆವು. ಈಗ ಉಳಿದಿರುವುದು ಒಂದು ದನ. ಸೊಪ್ಪು ಕಡಿಯುವುದಕ್ಕೆ ಜನವೂ ಇಲ್ಲ. ಆ ಕೊರತೆ ತುಂಬೀತೆಂಬ ಆಸೆಯಿಂದ ಮೂರು ವರ್ಷಗಳ ಹಿಂದೆ ಮೇಲಿನ ಒಂದು ಎಕರೆಯಲ್ಲಿ ನೆಲ ಮುಚ್ಚುವ ಹೊದಿಕೆ ಬೆಳೆಯಾಗಿ ಮ್ಯುಕುನಾ ಬ್ರಾಕ್ಟಿಯೇಟಾ ಎಂಬ ದ್ವಿದಳ ಬಳ್ಳಿಯನ್ನು ಹಬ್ಬಿಸಿದೆ. ಕೆಳಗಿನ ಎಕರೆಯನ್ನು ಹಿಂದಿನಂತೆ ಹುಲ್ಲು ಹೆರೆಸಿ ಬೋಳಾಗಿಯೇ ಇಟ್ಟೆ. ಎರಡು ಕಡೆಗೂ ಒಂದೇ ಗೊಬ್ಬರ, ಒಂದೇ ನೀರು.

ಈ ಬೇಸಗೆಯಲ್ಲಿ ಎರಡೂ ಕಡೆಯ ಮಣ್ಣನ್ನು ಪರೀಕ್ಷೆಗೆ ಕೊಟ್ಟೆ. ಬಂದ ಚೀಟಿಯನ್ನು ನೋಡಿ ಮನಸ್ಸು ಕುಗ್ಗಿತು. ಹೊದಿಕೆ ಇದ್ದಲ್ಲಿ ಸಾವಯವ ಇಂಗಾಲ ಶೇಕಡಾ 1.3, ಬೋಳು ಜಾಗದಲ್ಲಿ 1.2. ರಸಸಾರ (ಪಿಎಚ್, ಕಡಿಮೆಯಾದಷ್ಟೂ ಮಣ್ಣು ಹುಳಿ) 5.0 ಮತ್ತು 5.1. ರಂಜಕ ಎರಡೂ ಕಡೆ ಕಡಿಮೆ. ಕಾಲಿಟ್ಟರೆ ಮೇಲಿನ ಎಕರೆಯ ಮಣ್ಣು ಮೆತ್ತಗೆ ಸಿಗುತ್ತದೆ, ಏಪ್ರಿಲ್ ಬಿಸಿಲಿನಲ್ಲೂ ಎಲೆಯ ಅಡಿಯಲ್ಲಿ ತಂಪಿರುತ್ತದೆ, ಎರೆಹುಳುಗಳೂ ಕಾಣುತ್ತವೆ. ಆದರೆ ಚೀಟಿಯ ಲೆಕ್ಕದಲ್ಲಿ ಏನೂ ಆಗಿಲ್ಲ. ಮೂರು ವರ್ಷ ಬಳ್ಳಿ ಬಿಡಿಸುವ ಖರ್ಚು ಮಾಡಿದ್ದು ವ್ಯರ್ಥವಾಯಿತೇ, ಅಥವಾ ನೋಡಬೇಕಾದದ್ದನ್ನು ನಾನು ನೋಡುತ್ತಿಲ್ಲವೇ ಎಂಬುದನ್ನು ತಿಳಿದವರು ತಿಳಿಸಬೇಕು.

ಮಂಗಳೂರಿನ ಅಧ್ಯಾಪಕಿ (ಸೂಕ್ಷ್ಮಜೀವಿ ವಿಜ್ಞಾನ), ಏಪ್ರಿಲ್ 20

ವ್ಯರ್ಥವಾಗಿಲ್ಲ ಎಂಬುದೇ ನನ್ನ ಅಭಿಪ್ರಾಯ. ಆದರೆ ಅದಕ್ಕೆ ಕಾರಣ ಹೇಳಬೇಕಾದರೆ ಚೀಟಿ ಏನನ್ನು ಅಳೆಯುತ್ತದೆ ಎಂಬುದರಿಂದಲೇ ಆರಂಭಿಸಬೇಕು.

ಸಾವಯವ ಇಂಗಾಲವನ್ನು ನಮ್ಮ ಪ್ರಯೋಗಾಲಯಗಳು ಬಹುಮಟ್ಟಿಗೆ 1934ರಲ್ಲಿ ಪ್ರಕಟವಾದ ವಾಕ್ಲಿ–ಬ್ಲ್ಯಾಕ್ ವಿಧಾನದಿಂದ ಅಳೆಯುತ್ತವೆ. ಮಣ್ಣಿನಲ್ಲಿ ಹಳೆಯದು ಹೊಸದು ಎನ್ನದೆ ಸೇರಿಕೊಂಡಿರುವ ಇಂಗಾಲದ ಒಟ್ಟು ಮೊತ್ತವನ್ನು ಅದು ಅಂದಾಜು ಮಾಡುತ್ತದೆ. ಈ ಮೊತ್ತದಲ್ಲಿ ಜೀವಂತ ಸೂಕ್ಷ್ಮಜೀವಿಗಳ ಪಾಲು ಸಾಮಾನ್ಯವಾಗಿ ಶೇಕಡಾ 1ರಿಂದ 5ರಷ್ಟು ಮಾತ್ರ. ಆ ಸಣ್ಣ ಪಾಲು ಎರಡರಷ್ಟು ಹೆಚ್ಚಿದರೂ ಒಟ್ಟು ಮೊತ್ತದಲ್ಲಿ ಅದು ಎದ್ದು ಕಾಣುವುದಿಲ್ಲ. ಅಲ್ಲದೆ ಸಾವಯವ ಇಂಗಾಲ ಶೇಕಡಾ 0.75ಕ್ಕಿಂತ ಹೆಚ್ಚಿದ್ದರೆ 'ಅಧಿಕ' ಎಂದು ಬರೆಯುವ ಪದ್ಧತಿಯಿದೆ. ತಲೆತಲಾಂತರದಿಂದ ಸೊಪ್ಪು ಹಾಕಿಸಿಕೊಂಡ ನಮ್ಮ ಕರಾವಳಿಯ ತೋಟಗಳು ಮೊದಲೇ ಆ ಗೆರೆಯನ್ನು ದಾಟಿರುತ್ತವೆ, ಹಾಗಾಗಿ 'ಅಧಿಕ' ಎಂಬ ಆ ಪದವನ್ನು ನೋಡಿ ಮಣ್ಣು ಚೆನ್ನಾಗಿದೆಯೆಂದು ನಿಶ್ಚಿಂತರಾಗುವುದೂ ತಪ್ಪು, ಬದಲಾವಣೆಯಿಲ್ಲವೆಂದು ನಿರಾಶರಾಗುವುದೂ ತಪ್ಪು.

ಹೊದಿಕೆ ಬೆಳೆ ಬಂದ ಮೇಲೆ ಮೊದಲು ಬದಲಾಗುವುದು ಈ ಜೀವಂತ ಪಾಲು. ಗಿಡವು ತಾನು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಒಂದು ಭಾಗವನ್ನು ಬೇರಿನ ತುದಿಯಿಂದ ಮಣ್ಣಿಗೆ ಸುರಿಸುತ್ತಲೇ ಇರುತ್ತದೆ. ಬೇರಿಗೆ ಅಂಟಿಕೊಂಡ ಮಿಲಿಮೀಟರ್ ದಪ್ಪದ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಬೇರೆಡೆಗಿಂತ ಎಷ್ಟೋ ಪಟ್ಟು ಹೆಚ್ಚಾಗಿರುವುದು ಈ ಆಹಾರದ ಕಾರಣದಿಂದಲೇ. ಬೋಳು ನೆಲದಲ್ಲಿ ಅಡಿಕೆಯ ಬೇರು ಇರುವ ಬುಡದ ಸುತ್ತಲಷ್ಟೇ ಊಟ. ನಡುವಿನ ಜಾಗದಲ್ಲಿ ಉಪವಾಸ. ಹೊದಿಕೆ ಇದ್ದಲ್ಲಿ ಮೂಲೆ ಮೂಲೆಗೂ ಊಟ.

ಒಂದು ಕೆಲಸ ಮಾಡಿ ನೋಡುವಿರಾ? ಬಳ್ಳಿಯ ಎಳೆಯ ಬೇರುಗಳನ್ನು ಮಣ್ಣು ಸಮೇತ ಎತ್ತಿ, ನೀರಿನಲ್ಲಿ ಮೆಲ್ಲನೆ ತೊಳೆದು, ಬೇರುಗಂಟುಗಳನ್ನು (ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗಳ ಮನೆ ಇವು) ಉಗುರಿನಿಂದ ಸೀಳಿ ಒಳಗಿನ ಬಣ್ಣ ಯಾವುದೆಂದು ತಿಳಿಸಿ.

ಕಾರ್ಕಳದ ರಬ್ಬರ್ ಬೆಳೆಗಾರ, ಏಪ್ರಿಲ್ 21

ಮೇಡಂ ಹೇಳಿದ್ದು ಸರಿಯೇ ಇರಬಹುದು. ಆದರೆ ರಬ್ಬರಿಗೆ ಹೊಂದುವುದೆಲ್ಲ ಅಡಿಕೆಗೆ ಹೊಂದುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಈಶಾನ್ಯ ಭಾರತದ ಕಾಡಿನ ಈ ಬಳ್ಳಿ ನಮ್ಮ ಕಡೆಗೆ ಬಂದದ್ದು ರಬ್ಬರ್ ತೋಟಗಳ ಮೂಲಕ. ಎಳೆಯ ರಬ್ಬರ್ ತೋಟದಲ್ಲಿ ನೆಲಕ್ಕೆ ಬಿಸಿಲು ಧಾರಾಳವಾಗಿ ಬೀಳುತ್ತದೆ, ಬಳ್ಳಿ ಹಬ್ಬುತ್ತದೆ, ಮರಗಳು ಬೆಳೆದು ನೆರಳು ಕವಿದ ಹಾಗೆ ಅದು ತಾನೇ ಹಿಂದೆ ಸರಿಯುತ್ತದೆ. ಅಡಿಕೆ ತೋಟದಲ್ಲಿ ಬಿದ್ದ ಹಣ್ಣಡಿಕೆಯನ್ನು ದಿನವೂ ಹೆಕ್ಕಬೇಕು. ಮೊಣಕಾಲೆತ್ತರದ ಎಲೆಯ ಅಡಿಯಲ್ಲಿ ಅಡಿಕೆ ಹುಡುಕಲು ಹೆಂಗಸರು ಒಪ್ಪುವುದಿಲ್ಲ. ಕನ್ನಡಿ ಹಾವಿನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಕೊಳೆರೋಗದಿಂದ ಉದುರಿದ ಕಾಯಿ ಅಡಿಯಲ್ಲೇ ಉಳಿದರೆ ರೋಗವೂ ಅಲ್ಲೇ ಉಳಿಯುತ್ತದೆ. ನಾನು ನನ್ನ ಅಡಿಕೆಗೆ ಸಾಲು ಬಿಟ್ಟು ಸಾಲಿನಲ್ಲಿ ಮಾತ್ರ ಬಳ್ಳಿ ಇಟ್ಟಿದ್ದೇನೆ, ಬುಡದ ಸುತ್ತ ಮೂರಡಿ ಬಿಡಿಸುತ್ತೇನೆ, ಕೊಯ್ಲಿಗೆ ಮುಂಚೆ ಯಂತ್ರದಿಂದ ಸವರಿ ಅಲ್ಲೇ ಬಿಡುತ್ತೇನೆ. ಹಾಗೆ ಮಾಡಿದರೆ ನಡೆಯುತ್ತದೆ.

ಬ್ರಹ್ಮಾವರದ ಗದ್ದೆ ಬೇಸಾಯಗಾರ, ಏಪ್ರಿಲ್ 21

ನನ್ನದು ಬೈಲುಗದ್ದೆ, ಅಂದರೆ ತಗ್ಗಿನಲ್ಲಿ ನೀರು ನಿಲ್ಲುವ ಗದ್ದೆ. ಏಣೆಲು (ಮಳೆಗಾಲದ ಭತ್ತ) ಕೊಯ್ದ ಮೇಲೆ ಉದ್ದು ಚೆಲ್ಲುವುದು ನಮ್ಮಲ್ಲಿ ಹಿರಿಯರ ಕಾಲದಿಂದ ಬಂದ ಕ್ರಮ, ಅದನ್ನು ಯಾರೂ ಹೊದಿಕೆ ಬೆಳೆ ಎಂದು ಕರೆಯುತ್ತಿರಲಿಲ್ಲ. ಉದ್ದು ಕಿತ್ತ ಗದ್ದೆಯಲ್ಲಿ ಮುಂದಿನ ಎಂಒ4 ಭತ್ತದ ಪೈರು ಹಸಿರಾಗಿ ಏಳುತ್ತದೆ ಎಂಬುದನ್ನು ಕಣ್ಣಾರೆ ಕಂಡವನು ನಾನು.

ಆದರೆ ಎರಡು ವರ್ಷದ ಹಿಂದೆ ಡಯಂಚ ಎಂಬ ಹಸಿರು ಗೊಬ್ಬರದ ಗಿಡ ಹಾಕಿ ಕೈಸುಟ್ಟುಕೊಂಡೆ. ಮಾರ್ಚ್ ಕೊನೆಗೆ ನೀರು ಕೊಟ್ಟು ಬಿತ್ತಿದ್ದೆ. ಪತ್ತನಾಜೆ (ಮೇ ಕೊನೆಯ ಹೊತ್ತಿನ ತುಳುನಾಡಿನ ಆಚರಣೆಯ ದಿನ) ಕಳೆದ ಕೂಡಲೇ ಉಳುವ ಯೋಚನೆಯಿತ್ತು, ಟ್ರಾಕ್ಟರ್ ಸಿಗುವಾಗ ಜೂನ್ ನಡುವಾಯಿತು. ಗಿಡ ಆಳೆತ್ತರ ಬೆಳೆದು ಕಾಂಡ ಕಟ್ಟಿಗೆಯಂತಾಗಿತ್ತು. ಉಳುಮೆ ಮಾಡಿ ಮೂರನೇ ದಿನ ನೇಜಿ (ಭತ್ತದ ಸಸಿ) ನೆಟ್ಟೆವು. ತಿಂಗಳವರೆಗೆ ಪೈರು ಹಳದಿಯಾಗಿ ನಿಂತಿತು, ನೀರಿನ ಮೇಲೆ ಕೆಂಪು ಕೆನೆ ಕಟ್ಟಿತು. ಹಸಿರು ಗೊಬ್ಬರ ಸಾರಜನಕ ಕೊಡುತ್ತದೆ ಎಂದು ಓದಿದ್ದೆ. ನನ್ನ ಗದ್ದೆಯಲ್ಲಿ ಅದು ಇದ್ದ ಸಾರಜನಕವನ್ನೂ ಕಿತ್ತುಕೊಂಡಂತೆ ಕಂಡಿತು. ಇದಕ್ಕೆ ಕಾರಣ ಏನು?

ಮಂಗಳೂರಿನ ಅಧ್ಯಾಪಕಿ, ಏಪ್ರಿಲ್ 22

ಕಿತ್ತುಕೊಂಡದ್ದು ನಿಜ, ಕಿತ್ತುಕೊಂಡವರು ಸೂಕ್ಷ್ಮಜೀವಿಗಳು. ಈ ಪ್ರಶ್ನೆಯಲ್ಲೇ ನಮ್ಮ ವಿಷಯದ ತಿರುಳಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸೂಕ್ಷ್ಮಜೀವಿಯ ದೇಹದಲ್ಲಿ ಸುಮಾರು 8 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇರುತ್ತದೆ. ತಿಂದ ಇಂಗಾಲದಲ್ಲಿ ಹೆಚ್ಚಿನದನ್ನು ಅದು ಉಸಿರಾಟದಲ್ಲಿ ಕಳೆಯುವುದರಿಂದ, ಅದಕ್ಕೆ ಸರಿಹೊಂದುವ ಆಹಾರದಲ್ಲಿ 24 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇರಬೇಕೆಂದು ಲೆಕ್ಕ ಹಾಕುತ್ತಾರೆ. ಎಳೆಯ ದ್ವಿದಳ ಸೊಪ್ಪಿನಲ್ಲಿ ಇಂಗಾಲ ಇದಕ್ಕಿಂತ ಕಡಿಮೆ, ಅಂದರೆ ಸಾರಜನಕ ಹೆಚ್ಚು. ಅದನ್ನು ತಿಂದ ಜೀವಿಗಳಿಗೆ ಸಾಕಾಗಿ ಮಿಕ್ಕದ್ದು ಪೈರಿಗೆ ಸಿಗುತ್ತದೆ. ಬೈಹುಲ್ಲಿನಲ್ಲಿ ಈ ಅನುಪಾತ 60ರಿಂದ 80ರವರೆಗೂ ಹೋಗುತ್ತದೆ, ಬಲಿತು ಕಟ್ಟಿಗೆಯಾದ ಡಯಂಚದ ಕಾಂಡವೂ ಅದೇ ದಾರಿ ಹಿಡಿಯುತ್ತದೆ. ಅದನ್ನು ಕರಗಿಸಲು ಜೀವಿಗಳಿಗೆ ಸಾರಜನಕ ಸಾಲದೆ ಮಣ್ಣಿನಲ್ಲಿರುವುದನ್ನೇ ಎಳೆದುಕೊಳ್ಳುತ್ತವೆ, ಆ ಅವಧಿಯಲ್ಲಿ ಪೈರು ಹಸಿಯುತ್ತದೆ. ಆ ಸಾರಜನಕ ನಾಶವಾಗಿಲ್ಲ. ಜೀವಿಗಳು ಸತ್ತಾಗ ಮರಳಿ ಬರುತ್ತದೆ, ಆದರೆ ಭತ್ತದ ಪೈರು ಅಷ್ಟು ದಿನ ಕಾಯಲಾರದು.

ಕೆಂಪು ಕೆನೆಗೆ ಕಾರಣ ಬೇರೆ. ನೀರು ನಿಂತ ಗದ್ದೆಗೆ ಒಮ್ಮೆಲೇ ಹಸಿ ಸೊಪ್ಪು ಸೇರಿದಾಗ ಸೂಕ್ಷ್ಮಜೀವಿಗಳು ಇದ್ದ ಆಮ್ಲಜನಕವನ್ನೆಲ್ಲ ಮುಗಿಸಿ, ನಂತರ ಆಮ್ಲಜನಕದ ಬದಲು ಮುರಮಣ್ಣಿನ ಕಬ್ಬಿಣವನ್ನು ಬಳಸಿ ಉಸಿರಾಡುತ್ತವೆ. ಗಟ್ಟಿಯಾಗಿದ್ದ ಕಬ್ಬಿಣ ಕರಗುವ ರೂಪಕ್ಕೆ ಬಂದು ಬೇರಿಗೆ ವಿಷವಾಗುತ್ತದೆ. ಗುಡ್ಡದಿಂದ ಕಬ್ಬಿಣ ಇಳಿದು ಬರುವ ನಮ್ಮ ಬೈಲುಗಳಲ್ಲಿ ಇದು ಹೆಚ್ಚು. 40–45 ದಿನದ, ಹೂವಿಗೆ ಬರುತ್ತಿರುವ ಎಳೆಯ ಗಿಡವನ್ನೇ ಮಗುಚಬೇಕು, ನಾಟಿಗೆ ಮುಂಚೆ ವಾರ ಹತ್ತು ದಿನ ಬಿಡಬೇಕು, ನಡುವೆ ಒಮ್ಮೆ ನೀರು ಬಸಿಯಬೇಕು. ಮಳೆ ಆರಂಭಕ್ಕೂ ನಾಟಿಗೂ ನಡುವೆ ಅಷ್ಟು ಬಿಡುವು ಸಿಗದ ಬೈಲಿನಲ್ಲಿ ನಿಮ್ಮ ಹಿರಿಯರ ಉದ್ದೇ ಡಯಂಚಕ್ಕಿಂತ ಮೇಲೆಂದು ನಾನು ನಂಬುತ್ತೇನೆ. ಅದರ ಬೇರು, ಗಂಟು, ಉದುರಿದ ಎಲೆ ಎಲ್ಲವೂ ಮಳೆಗೆ ಮುಂಚೆಯೇ ಮಣ್ಣಿನಲ್ಲಿ ಅರ್ಧ ಕರಗಿರುತ್ತವೆ.

ಹಿರಿಯಡಕದ ತೋಟದವರು, ಏಪ್ರಿಲ್ 24

ಮೇಡಂ, ಹತ್ತು ಕಡೆ ಬೇರು ಎತ್ತಿ ನೋಡಿದೆ. ಗಂಟುಗಳು ಇವೆ, ಆದರೆ ಕಡಿಮೆ. ಸೀಳಿದರೆ ಒಳಗೆ ಹೆಚ್ಚಿನವು ಬಿಳಿ, ಕೆಲವು ಹಸಿರುಗಂದು. ಗುಲಾಬಿ ಬಣ್ಣ ಕಂಡದ್ದು ಎರಡು ಕಡೆ ಮಾತ್ರ, ಆ ಎರಡೂ ಹಳೆಯ ಸುಣ್ಣದ ರಾಶಿ ಇದ್ದ ಮೂಲೆಯ ಹತ್ತಿರ. ತೋಟಕ್ಕೆ ಸುಣ್ಣ ಹಾಕಿ ಎಷ್ಟೋ ವರ್ಷವಾಯಿತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಪ್ರತಿ ಮಳೆಗಾಲ ಎರಡು ಸಲ, ಕೆಲವೊಮ್ಮೆ ಮೂರು ಸಲ ಹೊಡೆಸುತ್ತೇವೆ. ಯೂರಿಯಾವನ್ನು ಬುಡಕ್ಕೆ ಹಾಕುವಾಗ ಬಳ್ಳಿಯ ಮೇಲೂ ಬೀಳುತ್ತದೆ.

ಮಂಗಳೂರಿನ ಅಧ್ಯಾಪಕಿ, ಏಪ್ರಿಲ್ 24

ಅಗತ್ಯವಿದ್ದ ಉತ್ತರ ಸಿಕ್ಕಿತು. ಗಂಟಿನೊಳಗಿನ ಗುಲಾಬಿ ಬಣ್ಣ ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ವಸ್ತುವಿನಿಂದ ಬರುತ್ತದೆ. ಸಾರಜನಕವನ್ನು ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ತಗಲಿದರೆ ಕೆಡುತ್ತದೆ, ಈ ವಸ್ತು ಆಮ್ಲಜನಕವನ್ನು ಹದವಾಗಿ ನಿಯಂತ್ರಿಸುತ್ತದೆ. ಗುಲಾಬಿ ಇಲ್ಲದ ಬಿಳಿ ಗಂಟು ಇನ್ನೂ ಎಳೆಯದಿರಬೇಕು, ಇಲ್ಲವೇ ಕೆಲಸ ಮಾಡದ್ದಿರಬೇಕು. ಹಸಿರುಗಂದು ಎಂದರೆ ಮುಗಿದ ಗಂಟು. ನಿಮ್ಮ ಬಳ್ಳಿ ಗಾಳಿಯ ಸಾರಜನಕವನ್ನು ಬಹಳ ಕಡಿಮೆ ಹಿಡಿಯುತ್ತಿದೆ ಎಂದೇ ನಾನು ತಿಳಿಯುತ್ತೇನೆ.

ಕಾರಣಗಳಲ್ಲಿ ಮೊದಲನೆಯದು ಹುಳಿ. ರಸಸಾರ 5ರ ಹತ್ತಿರ ಬಂದಾಗ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೂ ಗಂಟಿನಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾಗಳನ್ನೂ ಕಾಡುತ್ತದೆ, ಆ ಕಿಣ್ವಕ್ಕೆ ಬೇಕೇಬೇಕಾದ ಮಾಲಿಬ್ಡಿನಂ ಮಣ್ಣಿಗೆ ಅಂಟಿಕೊಂಡು ಸಿಗದಾಗುತ್ತದೆ. ಯೂರಿಯಾ ಬಿದ್ದಲ್ಲಿ ಗಿಡಕ್ಕೆ ಸಾರಜನಕ ಸುಲಭವಾಗಿ ಸಿಗುವುದರಿಂದ ಅದು ಗಂಟುಗಳನ್ನು ಸಾಕುವ ಗೋಜಿಗೇ ಹೋಗುವುದಿಲ್ಲ. ಇನ್ನು ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತು, ಅಂದರೆ ತಾಮ್ರ. ತಾಮ್ರ ಕೊಳೆಯುವ ವಸ್ತುವಲ್ಲ. ವರ್ಷವರ್ಷವೂ ಮಳೆನೀರಿನೊಂದಿಗೆ ಮರದಿಂದ ಇಳಿದು ಮೇಲ್ಮಣ್ಣಿನಲ್ಲಿ ಸೇರುತ್ತಲೇ ಹೋಗುತ್ತದೆ. ಶಿಲೀಂಧ್ರವನ್ನು ಕೊಲ್ಲುವುದಕ್ಕೆಂದೇ ಹೊಡೆಯುವ ಅದು ಕೊಳೆರೋಗದ ಜೀವಿ ಮತ್ತು ಉಪಕಾರಿ ಶಿಲೀಂಧ್ರಗಳ ನಡುವೆ ಭೇದ ಮಾಡುವುದಿಲ್ಲ. ಮಣ್ಣು ಹುಳಿಯಾದಷ್ಟೂ ಅದರ ವಿಷ ಹೆಚ್ಚು. ಹಾಗೆಂದು ಬೋರ್ಡೋ ಬಿಡಿ ಎಂದು ನಾನು ಹೇಳಲಾರೆ, ನಾಲ್ಕು ತಿಂಗಳ ಮಳೆಯಲ್ಲಿ ಅದಿಲ್ಲದೆ ಫಸಲು ಉಳಿಯುವುದಿಲ್ಲ. ಮಿಕ್ಕ ದ್ರಾವಣವನ್ನು ತೋಟದಲ್ಲೇ ಒಂದು ಕಡೆ ಸುರಿಯಬೇಡಿ, ಗೊನೆಗೆ ಮಾತ್ರ ಬೀಳುವಂತೆ ಹೊಡೆಸಿ, ಸುಣ್ಣ ಹಾಕಿ. ಹುಳಿ ಇಳಿದರೆ ತಾಮ್ರದ ಉಪದ್ರವವೂ ಇಳಿಯುತ್ತದೆ.

ಇಷ್ಟಾದರೂ ನಿಮ್ಮ ಹೊದಿಕೆ ಸೋತಿದೆ ಎಂದು ಹೇಳುವುದು ತಪ್ಪಾಗುತ್ತದೆ. ಹೊದಿಕೆ ಬೆಳೆ ಎಂದರೆ ಸಾರಜನಕದ ಕಾರ್ಖಾನೆ ಎಂದು ಮಾತ್ರ ಹೇಳಿ ಹೇಳಿ ನಾವೇ ರೈತರನ್ನು ದಾರಿ ತಪ್ಪಿಸಿದ್ದೇವೆ. ನಮ್ಮ ಮುರಮಣ್ಣಿನ ದೊಡ್ಡ ಕೊರತೆ ರಂಜಕ. ಹಾಕಿದ ರಂಜಕವನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದುಕೊಳ್ಳುತ್ತವೆ. ಅದನ್ನು ಬೇರಿಗೆ ತಲುಪಿಸುವುದು ಮೈಕೋರೈಜಾ ಎಂಬ ಬೇರುಶಿಲೀಂಧ್ರ. ಅಡಿಕೆಗೆ ತಾಯಿಬೇರಿಲ್ಲ, ಬೇರುರೋಮಗಳೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಈ ಶಿಲೀಂಧ್ರದ ಎಳೆಗಳನ್ನು ಅದು ಬಹಳವಾಗಿ ಅವಲಂಬಿಸಿದೆ. ಈ ಶಿಲೀಂಧ್ರ ಜೀವಂತ ಬೇರಿಲ್ಲದೆ ಬದುಕಿ ಬೆಳೆಯಲಾರದು. ಬಳ್ಳಿಯ ಬೇರು ಅದನ್ನು ಸಾಕುತ್ತದೆ, ಅದೇ ಶಿಲೀಂಧ್ರ ಪಕ್ಕದ ಅಡಿಕೆಯ ಬೇರಿಗೂ ಹೊಕ್ಕುತ್ತದೆ. ಕಾಲಿಗೆ ಮಣ್ಣು ಮೆತ್ತಗೆ ಸಿಗುತ್ತದೆ ಎಂದು ನೀವು ಬರೆದಿದ್ದೀರಲ್ಲ, ಆ ಮಣ್ಣಿನ ಕಣಗಳನ್ನು ಉಂಡೆಯಾಗಿ ಕಟ್ಟಿರುವುದು ಈ ಎಳೆಗಳು ಮತ್ತು ಬ್ಯಾಕ್ಟೀರಿಯಾಗಳ ಅಂಟು.

ಉಡುಪಿಯ ನಿವೃತ್ತ ಕೃಷಿ ಅಧಿಕಾರಿ, ಏಪ್ರಿಲ್ 25

ಒಂದು ವಿಷಯ ಇನ್ನೂ ಯಾರೂ ಎತ್ತಲಿಲ್ಲ, ಅದು ಮೊದಲ ಮಳೆ. ಡಿಸೆಂಬರಿನಿಂದ ಒಣಗಿ ನಿಂತ ನೆಲಕ್ಕೆ ಮೇ ತಿಂಗಳ ಮಳೆ ಬಿದ್ದಾಗ, ಒಣಗಿ ಸತ್ತ ಸೂಕ್ಷ್ಮಜೀವಿಗಳನ್ನೇ ಬದುಕುಳಿದವು ತಿಂದು ಒಮ್ಮೆಲೇ ಹೆಚ್ಚುತ್ತವೆ, ಕೆಲವೇ ದಿನಗಳಲ್ಲಿ ಬಹಳಷ್ಟು ಸಾರಜನಕ ಬಿಡುಗಡೆಯಾಗುತ್ತದೆ. 1950ರ ದಶಕದಲ್ಲಿ ಪೂರ್ವ ಆಫ್ರಿಕಾದ ಮಣ್ಣಿನಲ್ಲಿ ಬರ್ಚ್ ಎಂಬ ವಿಜ್ಞಾನಿ ಇದನ್ನು ವಿವರವಾಗಿ ಅಭ್ಯಾಸ ಮಾಡಿದ್ದರಿಂದ ಅವರ ಹೆಸರೇ ಇದಕ್ಕೆ ನಿಂತಿದೆ. ನಮ್ಮ ದುರದೃಷ್ಟವೆಂದರೆ ಅದರ ಬೆನ್ನಿಗೇ ಜೂನ್ ಬರುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಸುರಿಯುವ ಈ ಜಿಲ್ಲೆಯಲ್ಲಿ ಬಿಡುಗಡೆಯಾದ ನೈಟ್ರೇಟ್ ಬೋಳು ನೆಲದಲ್ಲಿ ನಿಲ್ಲುವುದಿಲ್ಲ, ಕಣಿಯ ಮೂಲಕ ತೋಡಿಗೆ, ತೋಡಿನಿಂದ ಹೊಳೆಗೆ ಹೋಗುತ್ತದೆ. ಮುರಮಣ್ಣಿನ ಜೇಡಿಗೆ ಪೋಷಕಾಂಶ ಹಿಡಿದಿಡುವ ಶಕ್ತಿ ಸಹಜವಾಗಿಯೇ ಕಡಿಮೆ. ಆ ಹದಿನೈದು ಇಪ್ಪತ್ತು ದಿನಗಳಲ್ಲಿ ನೆಲದ ತುಂಬ ಜೀವಂತ ಬೇರು ಇದ್ದರೆ ಅದೇ ಸಾರಜನಕ ಎಲೆಯಾಗಿ ಉಳಿಯುತ್ತದೆ.

ಆದ್ದರಿಂದ ಮೇ ತಿಂಗಳಲ್ಲಿ ತೋಟವನ್ನು ಪೂರ್ತಿ ಹೆರೆದು ಸ್ವಚ್ಛ ಮಾಡುವ ನಮ್ಮ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಸೇವೆಯಲ್ಲಿದ್ದಾಗ ನಾನೇ ಅದನ್ನು ಸರಿಯೆಂದು ಹೇಳಿದ್ದೆ; ಈಗ ಹಾಗೆ ಹೇಳಲು ಮನಸ್ಸು ಬರುವುದಿಲ್ಲ. ಸುಣ್ಣದ ಬಗ್ಗೆ: ಮೊದಲ ಮಳೆಗೆ ಮರಕ್ಕೆ ಅರ್ಧ ಕಿಲೋದಿಂದ ಒಂದು ಕಿಲೋವರೆಗೆ, ಎರಡು ಮೂರು ವರ್ಷಕ್ಕೊಮ್ಮೆ ಹಾಕಿದರೆ ಸಾಕು. ಯೂರಿಯಾ ಜೊತೆಗೆ ಹಾಕಬಾರದು, ಅಮೋನಿಯಾ ಆಗಿ ಹಾರಿಹೋಗುತ್ತದೆ. ಎರಡು ಮೂರು ವಾರದ ಅಂತರ ಇರಲಿ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸಿನ ಜೊತೆಯಲ್ಲೇ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕಾಂಪೋಸ್ಟ್ ಎಂದೂ ಇದೆ. ಮೊದಲಿನ ಮೂರು ಅಂಕಿಗಳನ್ನು ಎಲ್ಲರೂ ನೆನಪಿಟ್ಟುಕೊಂಡರು, ಕೊನೆಯ ಎರಡನ್ನು ಮರೆತರು.

ಕಟಪಾಡಿಯ ತರಕಾರಿ ಬೆಳೆಗಾರ್ತಿ, ಏಪ್ರಿಲ್ 26

ನನ್ನದು ಸಮುದ್ರದ ಹತ್ತಿರದ ಹೊಯ್ಗೆ (ಮರಳು) ಮಣ್ಣು. ಬೆಂಡೆ, ಬದನೆ, ಹರಿವೆ ಬೆಳೆಯುತ್ತೇನೆ. ಬೇರಿನಲ್ಲಿ ರೋಗದ ಗಂಟು ಕಟ್ಟಿಸುವ ಬೇರುಗಂಟು ಜಂತುಹುಳದ ಕಾಟ ವಿಪರೀತವಿತ್ತು. ತರಕಾರಿ ತೆಗೆದ ಜಾಗಕ್ಕೆ ಹೊದಿಕೆಯೆಂದು ಅಲಸಂಡೆ ಹಾಕಿದ ವರ್ಷ ಕಾಟ ಹೆಚ್ಚಾಯಿತು, ಏಕೆಂದರೆ ಅಲಸಂಡೆಯ ಬೇರಿನಲ್ಲೂ ಆ ಹುಳ ಬೆಳೆಯುತ್ತದೆ. ಸೆಣಬು (ಹಸಿರು ಗೊಬ್ಬರದ ಅಪ್ಸೆಣಬು) ಹಾಕಲು ಆರಂಭಿಸಿದ ಮೇಲೆ ಕಡಿಮೆಯಾಯಿತು. ಎಲ್ಲ ಹೊದಿಕೆಯೂ ಎಲ್ಲ ಮಣ್ಣಿಗೂ ಒಳ್ಳೆಯದಲ್ಲ ಎಂಬುದನ್ನು ಹೊಸಬರು ತಿಳಿದಿರಬೇಕು. ಮೇಡಂ ಹೇಳಿದ ಬೇರುಶಿಲೀಂಧ್ರ ಹರಿವೆ, ಮೂಲಂಗಿ, ಸಾಸಿವೆಗಳ ಬೇರಿಗೆ ಸಾಮಾನ್ಯವಾಗಿ ಹೊಕ್ಕುವುದಿಲ್ಲವಂತೆ, ಅದಕ್ಕಾಗಿ ಹರಿವೆಯ ನಂತರ ನಾನು ಒಮ್ಮೆ ಸೆಣಬನ್ನೋ ಹುರುಳಿಯನ್ನೋ ತಪ್ಪದೆ ಹಾಕುತ್ತೇನೆ.

ಹಿರಿಯಡಕದ ಅಣ್ಣನಿಗೆ ಖರ್ಚಿಲ್ಲದ ಎರಡು ಪರೀಕ್ಷೆ ಹೇಳುತ್ತೇನೆ. ಹಳೆಯ ಬಿಳಿ ಹತ್ತಿ ಬಟ್ಟೆಯ ಎರಡು ಒಂದೇ ಅಳತೆಯ ತುಂಡುಗಳನ್ನು ಎರಡೂ ಎಕರೆಯಲ್ಲಿ ಅರ್ಧ ಅಡಿ ಆಳಕ್ಕೆ ಹೂತು ಎರಡು ತಿಂಗಳು ಬಿಟ್ಟು ತೆಗೆಯಿರಿ. ಹತ್ತಿ ಎಂದರೆ ಶುದ್ಧ ಸೆಲ್ಯುಲೋಸ್, ಅದನ್ನು ತಿನ್ನುವವರು ಎಷ್ಟಿದ್ದಾರೆಂದು ಬಟ್ಟೆಯೇ ತೋರಿಸುತ್ತದೆ. ಇನ್ನೊಂದು, ಎರಡೂ ಕಡೆಯ ಒಣ ಮಣ್ಣುಂಡೆಯನ್ನು ಗಾಜಿನ ಲೋಟದ ನೀರಿಗೆ ಮೆಲ್ಲನೆ ಇಳಿಸಿ ನೋಡಿ, ಕಣಗಳು ಚೆನ್ನಾಗಿ ಕಟ್ಟಿಕೊಂಡಿದ್ದರೆ ಉಂಡೆ ಬೇಗ ಕುಸಿಯುವುದಿಲ್ಲ.

ಬ್ರಹ್ಮಾವರದ ಗದ್ದೆ ಬೇಸಾಯಗಾರ, ಏಪ್ರಿಲ್ 27

ವಿವರಣೆಗೆ ಧನ್ಯವಾದ ಮೇಡಂ. ಕಾಂಡ ಬಲಿಯುವ ಮುನ್ನ ಉಳಬೇಕು ಎಂಬ ಒಂದು ಮಾತನ್ನು ಬೀಜ ಕೊಟ್ಟವರು ಹೇಳಿದ್ದರೆ ಒಂದು ಬೆಳೆ ಉಳಿಯುತ್ತಿತ್ತು. ಈ ವರ್ಷ ಡಯಂಚ ಬಿಟ್ಟು ಉದ್ದಿಗೇ ಮರಳುತ್ತೇನೆ. ಬೈಲಿನ ಮೇಲಿರುವ ಮಜಲುಗದ್ದೆಯ ಒಂದು ಮಡಿಯಲ್ಲಿ ಮಾತ್ರ ಡಯಂಚವನ್ನು ಸರಿಯಾದ ದಿನಕ್ಕೆ ಮಗುಚಿ ನೋಡುತ್ತೇನೆ.

ಹಿರಿಯಡಕದ ತೋಟದವರು, ಜುಲೈ 5

ಬಟ್ಟೆ ತೆಗೆದೆ. ಬೋಳು ಎಕರೆಯದ್ದು ಬಣ್ಣಗೆಟ್ಟು ಅಲ್ಲಲ್ಲಿ ತೂತಾಗಿದೆ, ಆದರೆ ಕೊಡವಿದರೆ ಇನ್ನೂ ಬಟ್ಟೆಯೇ. ಬಳ್ಳಿಯ ಅಡಿಯದ್ದರಲ್ಲಿ ಉಳಿದದ್ದು ಅಂಚಿನ ಹೊಲಿಗೆಯ ಪಾಲಿಯೆಸ್ಟರ್ ನೂಲು ಮತ್ತು ಅದಕ್ಕೆ ಅಂಟಿದ ನಾಲ್ಕು ಎಳೆಗಳು. ಮಣ್ಣುಂಡೆಯನ್ನು ಮಳೆಗೆ ಮುಂಚೆಯೇ ನೀರಿಗೆ ಹಾಕಿ ನೋಡಿದ್ದೆ. ಬೋಳು ಜಾಗದ್ದು ಒಂದೆರಡು ನಿಮಿಷದಲ್ಲಿ ಕುಸಿದು ನೀರು ಕೆಂಪಾಯಿತು, ಇನ್ನೊಂದು ಸಂಜೆಯವರೆಗೂ ಹಾಗೆಯೇ ಕುಳಿತಿತ್ತು. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಮೇ ಎರಡನೇ ವಾರದ ಮಳೆಗೆ ಮೇಲಿನ ಎಕರೆಯ ನಾಲ್ಕು ಸಾಲಿಗೆ ಸುಣ್ಣ ಹಾಕಿದ್ದೇನೆ. ಕಾರ್ಕಳದವರು ಹೇಳಿದಂತೆ ಸಾಲು ಬಿಟ್ಟು ಸಾಲು ಸವರಿಸಿದೆ, ಹೆಕ್ಕುವವರ ದೂರು ಅರ್ಧಕ್ಕೆ ಇಳಿಯಿತು.

ಮಂಗಳೂರಿನ ಅಧ್ಯಾಪಕಿ, ಜುಲೈ 6

ಬಹಳ ಸಂತೋಷವಾಯಿತು. ಆದರೆ ಒಂದು ಎಚ್ಚರಿಕೆ: ಬಟ್ಟೆ ಬೇಗ ಕರಗಲು ಎಲೆಯಡಿಯ ತಂಪು ಮತ್ತು ತೇವವೂ ಕಾರಣ, ಒಂದೊಂದೇ ತುಂಡಿನಿಂದ ಲೆಕ್ಕ ಮಾಡಬೇಡಿ. ಮುಂದಿನ ಬೇಸಗೆಯಲ್ಲಿ ಎಕರೆಗೆ ಐದು ಕಡೆಯಾದರೂ ಹೂಳಿ. ಗಂಟುಗಳನ್ನು ಆಗಸ್ಟ್‌ನಲ್ಲಿ ಇನ್ನೊಮ್ಮೆ ನೋಡಿ ಬರೆಯಿರಿ.

ಹಿರಿಯಡಕದ ತೋಟದವರು, ಆಗಸ್ಟ್ 18

ನೋಡಿದೆ. ಸುಣ್ಣ ಹಾಕಿದ ನಾಲ್ಕು ಸಾಲಿನಲ್ಲಿ ಹತ್ತು ಕಡೆ ಎತ್ತಿದ ಬೇರುಗಳಲ್ಲಿ ಏಳು ಕಡೆ ಗಂಟು ಒಳಗೆ ಗುಲಾಬಿ. ಸುಣ್ಣ ಹಾಕದ ಪಕ್ಕದ ಸಾಲುಗಳಲ್ಲಿ ಹತ್ತರಲ್ಲಿ ಮೂರು. ಒಂದೇ ಮಳೆಗಾಲದ ನೋಟ ಇದು ಎಂಬುದು ನನಗೂ ಗೊತ್ತು. ಯೂರಿಯಾವನ್ನು ಎಲ್ಲ ಮರಗಳಿಗೂ ಕಡಿಮೆ ಮಾಡುವ ಧೈರ್ಯ ಇನ್ನೂ ಬಂದಿಲ್ಲ. ಸೆಪ್ಟೆಂಬರ್ ಗೊಬ್ಬರದಲ್ಲಿ ಆ ನಾಲ್ಕು ಸಾಲಿಗೆ ಮಾತ್ರ ಅರ್ಧ ಹಾಕಿ, ಮುಂದಿನ ವರ್ಷದ ಗೊನೆಗಳನ್ನು ಬೇರೆಯಾಗಿ ಎಣಿಸಿಡುತ್ತೇನೆ. ಕೆಳಗಿನ ಎಕರೆಯಲ್ಲೂ ಸಾಲು ಬಿಟ್ಟು ಸಾಲಿಗೆ ಬಳ್ಳಿ ನೆಡಲು ಗಿಣ್ಣಿನ ತುಂಡುಗಳನ್ನು ತೊಟ್ಟೆಗೆ (ಪ್ಲಾಸ್ಟಿಕ್ ಚೀಲಕ್ಕೆ) ಹಾಕಿ ಬೇರು ಬರಿಸುತ್ತಿದ್ದೇನೆ. ನೂರರಷ್ಟು ತೊಟ್ಟೆ ಹೆಚ್ಚಿವೆ, ಬೇಕಾದವರು ಮಳೆ ಬಿಡುವ ಮೊದಲು ಬಂದು ಒಯ್ಯಬಹುದು.